ಅವ್ವನಿಗೆ ನಾನು ತಿನ್ನಿಸಿದ ಖನಿಜ

ನನ್ನ ತಾಯಿಯನ್ನು ನೂರು ವರ್ಷ ಬದುಕಿಸುವ ಜವಾಬ್ದಾರಿಯನ್ನು ನಾನು ಒಂದು ರವಿವಾರ ಮುಂಜಾನೆ, ಯಾರೂ ಕೇಳದಿದ್ದರೂ, ವಹಿಸಿಕೊಂಡೆ. ನನ್ನ ಅರ್ಹತೆ: ಸಾಂಗ್ಲಿಯಲ್ಲೊಂದು ಬಟ್ಟೆ ಅಂಗಡಿ ಮತ್ತು ಹಿಂದಿನ ಸಂಜೆ ಕೇಳಿದ ಒಂದು ಉಪನ್ಯಾಸ.

ಆಗಷ್ಟೇ ಊರಿನ ಅಂಗಡಿಗಳ ತುಂಬ ಬಣ್ಣಬಣ್ಣದ ಪಾಕೀಟುಗಳು ಬಂದಿದ್ದವು. ಅವುಗಳ ಬೆನ್ನಿಗೇ, ಅವನ್ನು ತಿನ್ನಬೇಡಿ ಎಂದು ಭಾಷಣ ಮಾಡುವವರೂ ಬಂದಿದ್ದರು. "ಪಾಕೀಟಿನ ಬಿಳಿ ಉಪ್ಪು ಸತ್ತ ಉಪ್ಪು! ಸಮುದ್ರದ ಬೂದು ಹರಳಿನಲ್ಲಿ ಸಕಲ ಖನಿಜಗಳಿವೆ!" ಎಂದರು ಉಪನ್ಯಾಸಕರು. ಎಷ್ಟಿವೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಚಪ್ಪಾಳೆ ಮಾತ್ರ ಜೋರಾಗಿ ತಟ್ಟಿ, ಒಂದು ಬರಣಿ ಹರಳು ಕೊಂಡು ತಂದೆ.

ಅವ್ವನಿಗೆ ಬಿಪಿ ಇತ್ತು. ಡಾಕ್ಟರು ಉಪ್ಪು ಕಡಿಮೆ ಮಾಡಿಸಿದ್ದರು. ನಮ್ಮದು ಜೈನರ ಮನೆ. ರವಿವಾರ ಉಪ್ಪು ಮುಟ್ಟುವುದಿಲ್ಲ ಎಂಬ ನೇಮವನ್ನು ಅವ್ವ ಮದುವೆಯಾದಾಗಿನಿಂದ ಹಿಡಿದಿದ್ದಳು. "ಈಗ ನನಗ ದಿನಾ ರವಿವಾರ ಆತು" ಎಂದು ಸಪ್ಪೆ ಬೇಳೆಯ ಮುಂದೆ ಮಂಕಾಗಿ ಕೂರುತ್ತಿದ್ದಳು. ಅದನ್ನು ನೋಡಲಾರದೆ ಬರಣಿ ತಂದು ಅವಳ ಮುಂದಿಟ್ಟೆ.

"ಅವ್ವಾ, ಇದು ಉಪ್ಪಲ್ಲ. ಖನಿಜ!" ಎಂದೆ.

ಅವ್ವ ಬರಣಿಯೊಳಗೆ ಇಣುಕಿದಳು. "ಹಂಗಾರ ರವಿವಾರ ನಡೀತೈತೇನೋ?"

ಮುನಿಗಳೂ ಯೋಚಿಸಿ ಉತ್ತರಿಸಬೇಕಾದ ಪ್ರಶ್ನೆ. ನಾನು ಯೋಚಿಸಲಿಲ್ಲ. "ಬರೋಬ್ಬರಿ ನಡೀತೈತಿ!"

"ರೀ, ಡಾಕ್ಟರನ್ನ ಒಂದ ಮಾತ ಕೇಳ್ರಿ," ಎಂದಳು ಹೆಂಡತಿ ಸುವರ್ಣಾ.

"ಡಾಕ್ಟರಿಗೆ ಖನಿಜದ್ದೇನ ಗೊತ್ತೈತಿ?"

ಅವ್ವನ ಅಷ್ಟು ವರ್ಷದ ನೇಮ ಒಂದು ಲೋಟ ಮಜ್ಜಿಗೆಯಲ್ಲಿ ಕರಗಿಹೋಯಿತು.

ಹರಳು ದಪ್ಪ, ಬೇಗ ಕರಗದು, ರುಚಿ ಹತ್ತದು. ಆದಕಾರಣ ಇನ್ನಷ್ಟು ಹಾಕಿದೆ. ಕೆಲವು ವಾರಗಳಲ್ಲಿ ಅವ್ವನ ಪಾದಗಳು ಬಾತುಕೊಂಡವು. "ಖನಿಜ ಮೈಗೆ ಹತ್ತಾಕತ್ತೈತಿ" ಎಂದು ಘೋಷಿಸಿದೆ. ಸುವರ್ಣಾ ಬರಣಿ ಬಚ್ಚಿಟ್ಟಳು. ನಾನು ಇನ್ನೊಂದು ತಂದೆ!

ಒಂದು ಮುಂಜಾನೆ ಅವ್ವನಿಗೆ ಉಸಿರೇ ಸಿಗದಾಯಿತು. ನೆರೆಯವರ ಕಾರಿನಲ್ಲಿ ಮಿರಜಿನ ಆಸ್ಪತ್ರೆಗೆ ಓಡಿದೆವು. ಅಲ್ಲಿನ ಡಾಕ್ಟರು ಹತ್ತಿರದ ಆರಗ ಹಳ್ಳಿಯ ಕಡೆಯವರು, ಕನ್ನಡದಲ್ಲೇ ಕೇಳಿದರು: "ಊಟದಾಗ ಉಪ್ಪ ಎಷ್ಟ ಹಾಕ್ತೀರಿ?"

"ಪೂರ್ತಿ ಬಿಟ್ಟಾರ್ರಿ!" ಎಂದೆ, ಎದೆಯುಬ್ಬಿಸಿ.

ಅವರು ಅದನ್ನು ಬರೆದುಕೊಂಡು, ಹುಬ್ಬು ಗಂಟಿಕ್ಕಿ, ಬೇರೆ ಕಾರಣ ಹುಡುಕಲು ಹತ್ತಾರು ಪರೀಕ್ಷೆ ಹೇಳಿದರು. ಮಧ್ಯಾಹ್ನ ಸುವರ್ಣಾ ಮನೆಗೆ ಹೋಗಿ ಬರಣಿಯನ್ನೇ ತಂದು ಡಾಕ್ಟರ ಮೇಜಿನ ಮೇಲಿಟ್ಟಳು. "ಇದನ್ನ ತಿನ್ನಸ್ಯಾರ್ರಿ, ದಿನಾ."

ಡಾಕ್ಟರು ಒಂದು ಹರಳು ನಾಲಿಗೆಗೆ ಇಟ್ಟುಕೊಂಡರು. "ಇದಕ್ಕ ನಮ್ಮ ಕಡೆ ಉಪ್ಪು ಅಂತಾರ್ರಿ."

"ಖನಿಜ ಅದಾವಲ್ರೀ..."

"ಅದಾವ್ರಿ, ಚೂರೇ ಚೂರು. ಉಳಿದದ್ದೆಲ್ಲ ಉಪ್ಪ. ಎದೀಯಾಗ ನೀರ ತುಂಬೈತಿ. ನಿಮ್ಮ ಮಾತ ನಂಬಿ ಅರ್ಧಾ ದಿನ ಕಳದ್ವಿ."

ವರಾಂಡಕ್ಕೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ. ಅವ್ವನನ್ನು ನಾನೇ ಕೊಂದೆ ಎಂದು ಖಾತ್ರಿಯಾಗಿತ್ತು.

ಅವ್ವ ಉಳಿದಳು. ಆದರೆ ಮೊದಲಿನಂತಾಗಲಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು, ಬಸದಿಗೆ ಹೋಗುವುದು ನಿಂತೇಹೋಯಿತು. ಮನೆಗೆ ಬಂದ ದಿನ ಕಾಲು ಹಿಡಿದು, "ತಪ್ಪಾತವ್ವಾ" ಎಂದೆ.

"ಜೀವಾ ಡಾಕ್ಟರು ಉಳಿಸ್ಯಾರ. ನೇಮ ಯಾರ ಉಳಿಸ್ತಾರೋ?" ಎಂದಳು.

ಪ್ರಾಯಶ್ಚಿತ್ತವೆಂದು ನಾನೇ ಗಂಜಿ ಕಾಯಿಸಿ, ಆರಿಸಿ, ಚಮಚದಲ್ಲಿ ಅವಳ ಬಾಯಿಗೆ ಹಿಡಿದೆ. ಅವ್ವ ತುಟಿ ಬಿಗಿದುಕೊಂಡು ಸೊಸೆಯ ಕಡೆ ತಿರುಗಿದಳು.

"ಇದರಾಗ ಏನ ಹಾಕ್ಯಾನ, ಒಂದೀಟ ನೋಡವಾ."

ಸುವರ್ಣಾ ರುಚಿ ನೋಡಿ ತಲೆಯಾಡಿಸಿದ ಮೇಲೆಯೇ ಅವ್ವ ಬಾಯಿ ತೆರೆದಳು. ಹೆತ್ತ ಮಗ ನಾನು! ಇಂದಿಗೂ ಅದೇ ಪದ್ಧತಿ.