ಬೆಸುಗೆ ಬಿಟ್ಟ ಮಾವ

ನಮ್ಮ ಸೋದರಮಾವನ ಕಣ್ಣಿಗೆ ಬಿದ್ದ ಯಾವ ಎರಡು ಕಬ್ಬಿಣದ ತುಂಡುಗಳೂ ಬಹಳ ದಿನ ಬೇರೆ ಬೇರೆಯಾಗಿ ಬದುಕಿದ್ದಿಲ್ಲ. ವಾರವಿಡೀ ಅರಸೀಕೆರೆಯ ಒಂದು ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಿದ್ದವರು ಭಾನುವಾರ ಬಂತೆಂದರೆ ಹಿತ್ತಲಿನ ಶೀಟಿನ ಕೆಳಗೆ ಕಪ್ಪು ಗಾಜಿನ ಮುಖವಾಡ ಹಿಡಿದು ಕೂತುಬಿಡುತ್ತಿದ್ದರು. ಕೆಲವರಿಗೆ ಇಸ್ಪೀಟು, ಕೆಲವರಿಗೆ ಭಜನೆ, ಇವರಿಗೆ ವೆಲ್ಡಿಂಗು. ಯಾರೂ ಕಲಿಸಿರಲಿಲ್ಲ, ಯಾರೂ ಮಾಡಿ ಎಂದು ಕೇಳಿರಲೂ ಇಲ್ಲ.

ಬೀದಿ ಗೇಟು ಕಿರ್ರೆನ್ನುತ್ತದೆ ಎಂದು ಅತ್ತೆ ಒಮ್ಮೆ ಗೊಣಗಿದ್ದೇ ತಪ್ಪಾಯಿತು. ಕೀಲು ಸಡಿಲವಾಗಿದೆ ಎಂದು ಮಾವ ಅಲ್ಲಿಗೊಂದು ಬೆಸುಗೆ ಹಾಕಿದರು. ಆಮೇಲೆ ಗೇಟು ಕಿರ್ರೆನ್ನಲಿಲ್ಲ, ತೆರೆಯಲೂ ಇಲ್ಲ. ಎರಡು ದಿನ ಪಕ್ಕದ ಮನೆಯವರ ಹಿತ್ತಲಿನಿಂದ ಓಡಾಡಿದೆವು. "ಕಳ್ಳರು ಬರೋದು ತಪ್ತು ಬಿಡಿ," ಎಂದರು ಅತ್ತೆ. "ನಾವು ಬರೋದೂ ತಪ್ತು."

ಹಾರನಹಳ್ಳಿಯ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕ ಮೇಲೆ ನಾನು ಇವರ ಮನೆಯಲ್ಲೇ ಇದ್ದು ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನನಗೆ ಮೂರು ವರ್ಷವಾಗಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತ್ತು. ತೊಡೆಯಿಂದ ಬೂಟಿನವರೆಗೆ ಎರಡು ಲೋಹದ ಪಟ್ಟಿಗಳ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತೇನೆ. ಮೊಣಕಾಲಿನ ಹತ್ತಿರ ಅದಕ್ಕೊಂದು ಕೀಲು. ಎದ್ದು ನಿಂತಾಗ ಒಂದು ಬಳೆ ಕೆಳಗೆ ಜಾರಿ ಕೀಲನ್ನು ಬಿಗಿಹಿಡಿಯುತ್ತದೆ. ಕೂರುವಾಗ ಆ ಬಳೆಯನ್ನು ಮೇಲೆತ್ತಿದರೆ ಕಾಲು ಮಡಚುತ್ತದೆ. ಆ ಕೀಲು ಸವೆದು ಬಿರುಕುಬಿಟ್ಟಾಗ ರಿಪೇರಿಗೆ ಮೈಸೂರಿಗೆ ಹೋಗಬೇಕಿತ್ತು. ಆದರೆ ಮನೆಯಲ್ಲೇ ಇಂಥ ಮಾವ ಇರುವಾಗ ಮೈಸೂರು ಯಾಕೆ? ಒಂದೇ ಭಾನುವಾರದಲ್ಲಿ ಬೆಸುಗೆ ಹಾಕಿ, ಉಜ್ಜಿ, ಎಣ್ಣೆ ಬಿಟ್ಟು ಕೊಟ್ಟರು. "ಇನ್ನು ಹತ್ತು ವರ್ಷ ಯೋಚನೆ ಇಲ್ಲ," ಎಂದರು.

ಹತ್ತು ವಾರಕ್ಕೆ ಅದು ಕಿತ್ತುಹೋಯಿತು. ಮದುವೆಯೊಂದಕ್ಕೆಂದು ಮಾವನ ಜೊತೆ ಜಾವಗಲ್ಲಿಗೆ ಹೋಗಿದ್ದೆ. ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕಿರಬೇಕು, ಕಾಲು ತಟಕ್ಕನೆ ಮಡಚಿಕೊಂಡು ಮುಖ ಅಡಿಯಾಗಿ ಬಿದ್ದೆ. ಮುಂದಿನ ಹಲ್ಲೊಂದು ಅರ್ಧ ಮುರಿಯಿತು. ರೇಷ್ಮೆ ಸೀರೆಯ ತುಂಬ ರಕ್ತ. ಯಾರೋ ಹೆಂಗಸರು ಎತ್ತಿ ಕೂರಿಸಿ ನೀರು ಕೊಟ್ಟರು. ಮಾವ ತುಂಡಾದ ಕೀಲನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾ ನಿಂತಿದ್ದರು. ವಾಪಸು ಬರುವಾಗ ದಾರಿಯುದ್ದಕ್ಕೂ ಅದು ಅವರ ಅಂಗೈಯಲ್ಲೇ ಇತ್ತು.

ಮೈಸೂರಿನಿಂದ ಬೇರೆ ಕೀಲು ತರಿಸಿದೆವು. ಅದು ಸರಿಯಾಗಿ ಕೂರದೆ ಹೆಜ್ಜೆಗೊಮ್ಮೆ ಅಲುಗಾಡುತ್ತಿತ್ತು. ನನ್ನ ಕೈಗೆ ಊರುಗೋಲು ಬಂತು. ಮಾವನ ಭಾನುವಾರಗಳು ಸದ್ದಿಲ್ಲದೆ ಕಳೆಯತೊಡಗಿದವು.

ಒಂದೆರಡು ತಿಂಗಳಾದ ಮೇಲೆ, ತೆಂಗಿನಕಾಯಿ ಇಳಿಸಿ ಖಾಲಿ ಬರುತ್ತಿದ್ದ ಲಾರಿಯೊಂದರಲ್ಲಿ ಹಸಿರು ಬಣ್ಣದ ದೈತ್ಯವೊಂದು ಮನೆಗೆ ಬಂತು. ತುಮಕೂರಿನ ಕಡೆ ಬಾಗಿಲು ಹಾಕಿದ್ದ ಯಾವುದೋ ವರ್ಕ್‌ಶಾಪಿನ ಹಳೆಯ ಮಿಲ್ಲಿಂಗ್ ಮಿಷನ್. ಎಂಟು ಜನ ಸೇರಿ ಹಿತ್ತಲಿಗೆ ಉರುಳಿಸಿದರು. ಅತ್ತೆ ಅದರ ಸುತ್ತ ಒಂದು ಸುತ್ತು ಬಂದು, "ಇಷ್ಟಗಲ ಜಾಗದಲ್ಲಿ ಎಮ್ಮೆ ಕಟ್ಟಿದ್ರೆ ಹಾಲಾದ್ರೂ ಕೊಡೋದು," ಎಂದರು.

ಮಿಲ್ಲಿಂಗ್ ಮಿಷನ್ ಬಂದಿದೆ ಎಂಬ ಸುದ್ದಿ ಬೀದಿಯಲ್ಲಿ ಹಬ್ಬಿತು. ಮಾರನೆಯ ದಿನವೇ ಮೂವರು ಹೆಂಗಸರು ರಾಗಿ ಡಬ್ಬ ಹೊತ್ತು ಬಂದು ಜಗಲಿಯಲ್ಲಿ ಕೂತರು.

"ಇದು ಆ ಮಿಲ್ಲಲ್ಲ ಕಣ್ರಮ್ಮ. ಕಬ್ಬಿಣ ಕೊರೆಯೋದು," ಎಂದರು ಮಾವ.

"ಕಬ್ಬಿಣಾನೇ ಕೊರೀತೈತೆ ಅಂದ್ಮೇಲೆ ರಾಗಿ ಯಾವ ಲೆಕ್ಕ ಬುಡಿ," ಎಂದಳೊಬ್ಬಳು. ಅವರನ್ನು ಒಪ್ಪಿಸಿ ಕಳಿಸುವಷ್ಟರಲ್ಲಿ ಮಾವನಿಗೆ ಕಚೇರಿಗೆ ಹೊತ್ತಾಗಿತ್ತು.

ಕಲಿಸಲು ರೈಲ್ವೆ ಸ್ಟೇಷನ್ ಹತ್ತಿರದ ಬಾಷಾ ಸಾಹೇಬರನ್ನು ಗೊತ್ತುಮಾಡಿದರು. ನಲವತ್ತು ವರ್ಷ ಲೇತು, ಮಿಲ್ಲಿಂಗು ಎರಡರಲ್ಲೂ ಕೈ ಸವೆಸಿ ವಿಶ್ರಾಂತಿಯಲ್ಲಿದ್ದ ಮುದುಕರು. ಮೊದಲ ದಿನವೇ ಕುರ್ಚಿ ಹಾಕಿಸಿಕೊಂಡು ಕೂತು ಹೇಳಿದರು: "ನೋಡಿ ಸ್ವಾಮಿ, ವೆಲ್ಡಿಂಗ್‌ನಲ್ಲಿ ತಪ್ಪಾದ್ರೆ ಮೇಲೆ ಇನ್ನೊಂದಿಷ್ಟು ಮೆತ್ತಿ ಮುಚ್ಚಬೌದು. ಇಲ್ಲಿ ತೆಗೆದದ್ದು ತೆಗೆದಂಗೇ. ವಾಪಸ್ ಬರಾಕಿಲ್ಲ."

ಮಾವ ಅಂದೇ ನನ್ನ ಕ್ಯಾಲಿಪರಿಗೆ ಕೀಲು ಮಾಡಲು ಹೊರಟಿದ್ದರು. ಸಾಹೇಬರು ಬಿಡಲಿಲ್ಲ. ಒಂದು ಕಬ್ಬಿಣದ ತುಂಡು ಕೊಟ್ಟು, ಆರೂ ಮುಖ ಒಂದಕ್ಕೊಂದು ಸರಿಯಾಗಿ ನಿಲ್ಲುವ ಹಾಗೆ ಚೌಕ ಮಾಡಿ ಎಂದರು. ಸುಲಭವೆನಿಸುತ್ತದಲ್ಲವೇ? ಐದು ಮುಖ ಸರಿಬಂದರೆ ಆರನೆಯದು ಓರೆ. ಆರನೆಯದನ್ನು ತಿದ್ದಿದರೆ ಮೂರನೆಯದು ಮುನಿಸಿಕೊಳ್ಳುತ್ತಿತ್ತು. ಪ್ರತಿ ತಿದ್ದುಪಡಿಗೂ ತುಂಡು ಚಿಕ್ಕದಾಗುತ್ತಾ ಹೋಯಿತು. ಯುಗಾದಿಗೆ ಇಟ್ಟಿಗೆಯ ಅರ್ಧದಷ್ಟಿದ್ದದ್ದು ಗೌರಿಹಬ್ಬಕ್ಕೆ ಮೈಸೂರು ಪಾಕಿನಷ್ಟಾಯಿತು, ದೀಪಾವಳಿಗೆ ಬೆಲ್ಲದಚ್ಚಿನ ಚೂರಿನಷ್ಟು. "ಇನ್ನು ಸ್ವಲ್ಪ ಚೆನ್ನಾಗಿ ಕಲಿತ್ರೆ ಕಣ್ಣಿಗೇ ಕಾಣಲ್ಲ," ಎಂದರು ಅತ್ತೆ. ನಾನೂ ನಕ್ಕೆ. ಎಲ್ಲರಿಗಿಂತ ಹೆಚ್ಚಾಗಿ ನಕ್ಕವಳು ನಾನೇ ಇರಬೇಕು.

ಆ ದಿನಗಳಲ್ಲಿ ಬೇಲೂರಿಗೆ ಹೋಗಿದ್ದೆವು. ಮದನಿಕೆಯರ ಕಡೆ ಮಾವ ತಲೆಯೆತ್ತಿಯೂ ನೋಡಲಿಲ್ಲ. ಒಳಗೆ ಕನ್ನಡಿಯಂತೆ ಹೊಳೆಯುವ ದುಂಡು ಕಂಬಗಳಿವೆಯಲ್ಲ, ಅವುಗಳ ಮುಂದೆ ಕೂತು ಬಳೆ ಬಳೆಯಾಗಿ ಸುತ್ತಿದ ಗೆರೆಗಳ ಮೇಲೆ ಉಗುರು ಆಡಿಸುತ್ತಿದ್ದರು. ಜೇಬಿನಿಂದ ಅಳತೆಯ ಸಾಮಾನು ಹೊರಬಂದಾಗ ಕಾವಲಿನವನು ಓಡಿಬಂದ.

"ಏನ್ರೀ ಮಾಡ್ತಿದೀರಾ ಅಲ್ಲಿ?"

"ಕೆತ್ತಿದವರು ಎಲ್ಲಾದ್ರೂ ತಪ್ಪಿದ್ದಾರಾ ಅಂತ ನೋಡ್ತಿದ್ದೆ ಕಣಪ್ಪ."

ಅವನಿಗೂ ಕುತೂಹಲವಾಯಿತು. "ಸಿಕ್ತಾ?"

"ಇಲ್ಲ," ಎಂದರು ಮಾವ, ಬಹಳ ಬೇಜಾರಿನಿಂದ.

ಮುಂದಿನ ವರ್ಷ ಅಂತೂ ಒಂದು ಚೌಕವನ್ನು ಬಾಷಾ ಸಾಹೇಬರು ಗಾಜಿನ ಮೇಲಿಟ್ಟು, ತಿರುಗಿಸಿ ತಿರುಗಿಸಿ ನೋಡಿ, ತಮ್ಮ ಜೇಬಿಗೆ ಹಾಕಿಕೊಂಡರು. ಅದೇ ಪಾಸಾದ ಲೆಕ್ಕ. ಆಮೇಲೆ ಮಾವ ಹಿತ್ತಲಲ್ಲಿ ಏನು ಮಾಡುತ್ತಿದ್ದರೋ ನಾವು ವಿಚಾರಿಸಲಿಲ್ಲ. ಕಬ್ಬಿಣದ ಹೊಟ್ಟು ಕಾಲಿಗೆ ಚುಚ್ಚುತ್ತದೆಂದು ಅತ್ತೆ ಅತ್ತ ಹೋಗುವುದನ್ನೇ ಬಿಟ್ಟಿದ್ದರು.

ಅಷ್ಟರಲ್ಲಿ ಇನ್ನೊಂದು ವಿಚಿತ್ರ ಶುರುವಾಯಿತು. ಮಾವ ಕುಂಟತೊಡಗಿದ್ದಾರೆಂದು ಪೇಟೆಯಲ್ಲೆಲ್ಲ ಸುದ್ದಿ. ಮನೆಯಲ್ಲಿ ನೋಡಿದರೆ ನೆಟ್ಟಗೆ ನಡೆಯುತ್ತಾರೆ! ಕೊಬ್ಬರಿ ಮಂಡಿಯವರು ಬಂದು ಅತ್ತೆಗೆ ಹೇಳಿದರು: "ಯಜಮಾನ್ರಿಗೆ ವಾತ ಆಗೈತೆ ಕಣಕ್ಕ, ಎಣ್ಣೆ ಹಚ್ಚಿ." ಅತ್ತೆ ಹರಳೆಣ್ಣೆ ಕಾಯಿಸಿ ತಂದರೆ, ಮಾವ ಕಾಲು ಮುಟ್ಟಿಸಿಕೊಳ್ಳಲೊಲ್ಲರು.

ಒಂದು ಶನಿವಾರ ಶಾಲೆಯ ಮಕ್ಕಳನ್ನು ಕರೆದುಕೊಂಡು ಹಳೇಬೀಡಿಗೆ ಹೋದೆ. ದೇವಸ್ಥಾನದ ಮೆಟ್ಟಿಲುಗಳ ಮೇಲೆ ದೊಗಲೆ ಪ್ಯಾಂಟು ತೊಟ್ಟ ಒಬ್ಬರು ಎಡಗಾಲನ್ನು ಕಂಬದಂತೆ ನೆಟ್ಟಗಿಟ್ಟುಕೊಂಡು ಹತ್ತುತ್ತಿದ್ದರು, ಇಳಿಯುತ್ತಿದ್ದರು. ಮತ್ತೆ ಹತ್ತುತ್ತಿದ್ದರು. ಅದು ನನ್ನ ನಡಿಗೆ. ಹತ್ತಿರ ಹೋಗಿ ನೋಡಿದರೆ, ಮಾವ.

ನನ್ನನ್ನು ಕಂಡು ತಪ್ಪಿಸಿಕೊಳ್ಳಲು ಜಾಗವಿಲ್ಲದೆ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಪ್ಯಾಂಟಿನ ಮೇಲಿಂದಲೇ ಬಳೆ ಎತ್ತಿ ಕಾಲು ಮಡಚಿದರು. ಪಟ್ಟಿಗಳು ಅವರ ಕಾಲಿನ ಅಳತೆಯವು; ಕೀಲು ನನಗಾಗಿ ಮಾಡಿದ್ದು. ತಿಂಗಳಿಂದ ಅದನ್ನು ಕಟ್ಟಿಕೊಂಡು ಬಸ್ಸು ಹತ್ತಿ ಇಳಿದು ಊರೆಲ್ಲ ತಿರುಗಿ, ಮನೆ ಹತ್ತಿರ ಬಂದಾಗ ಬಿಚ್ಚಿಡುತ್ತಿದ್ದರು. ಮೊಣಕೈಗಳಲ್ಲಿ ಒಣಗಿದ ಗಾಯಗಳಿದ್ದವು.

"ಎಷ್ಟು ಸಲ ಬಿದ್ರಿ?"

"ಎರಡೇ ಸಲ. ಬಳೆ ಬಿಗಿಯಾಗಿ ಪೂರ್ತಿ ಇಳೀತಿರ್ಲಿಲ್ಲ. ಸರಿ ಮಾಡಿದೀನಿ. ಹದಿನೈದು ದಿನದಿಂದ ಬಿದ್ದಿಲ್ಲ." ಕಚೇರಿಯಲ್ಲಿ ಕಡತ ಒಪ್ಪಿಸುವ ದನಿ.

"ಯಾಕೆ ಮಾವ ಇದೆಲ್ಲ? ನಾನೇ ಹಾಕ್ಕೊಂಡು ನೋಡ್ತಿರ್ಲಿಲ್ವಾ?"

"ನೀನು ಒಂದ್ಸಲ ನೋಡಿದ್ದಾಯ್ತಲ್ಲ."

ನಾನು ಊರುಗೋಲನ್ನು ಪಕ್ಕಕ್ಕಿಟ್ಟು ಅವರ ಜೊತೆ ಕೂತೆ. ಮರುದಿನವೇ ಆ ಕೀಲು ನನ್ನ ಕಾಲಿಗೆ ಬಂತು. ಮುಂದೆ ಹನ್ನೊಂದು ವರ್ಷ ಒಮ್ಮೆಯೂ ಕೈಕೊಡಲಿಲ್ಲ. ಆದರೆ ಅವತ್ತು ಮಾವನ ಮನಸ್ಸು ಕೀಲಿನ ಮೇಲೆ ಇರಲಿಲ್ಲ. ಕೆಳಗೆ ನಿಂತಿದ್ದ ನಮ್ಮ ಬಸ್ಸಿನ ಕಡೆ ನೋಡುತ್ತಾ ಕೇಳಿದರು:

"ಬಸ್ಸಿನ ಮೊದಲನೇ ಮೆಟ್ಟಿಲು ಅಷ್ಟೊಂದು ಎತ್ತರ ಇರತ್ತೆ ಅಂತ, ಇಷ್ಟು ವರ್ಷದಲ್ಲಿ ನೀನು ಒಂದಿನಾನೂ ಹೇಳ್ಲಿಲ್ವಲ್ಲ ಕಣೇ?"