ಮಿಲಿಮೀಟರ್ ಮಾಡಿದ ಗಿಟಾರ್

ಮಗಳಿಗೆ ಅಂಗಡಿಯಿಂದ ಗಿಟಾರ್ ತರುವುದು ಅಪ್ಪನಾದವನಿಗೆ ಅವಮಾನ ಎಂದು ನಾನು ಊಟದ ಮೇಜಿನ ಮುಂದೆ ಘೋಷಿಸಿದ ದಿನ, ನನ್ನ ಬಾಯಿ ಮುಚ್ಚಿಸುವವರು ಯಾರೂ ಇರಲಿಲ್ಲ. ಬಾಗಿಲು, ಕಿಟಕಿ ತಯಾರಿಸುವ ಕಾರ್ಖಾನೆಯಲ್ಲಿ ಅಳತೆ ಪರೀಕ್ಷಿಸುವುದು ನನ್ನ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬಾಗಿಲನ್ನು ವಾಪಸು ಕಳಿಸುತ್ತೇನೆ. ಅಲ್ಲಿ ನನ್ನನ್ನು ‘ಮಿಲಿಮೀಟರ್’ ಎಂದು ಕರೆಯುತ್ತಾರೆ. ಬೆನ್ನ ಹಿಂದೆ ಕರೆಯುತ್ತಾರೆ, ನಿಜ. ಆದರೂ ನನ್ನ ಪಾಲಿಗೆ ಅದು ಬಿರುದು. ಅಂಥವನಿಗೆ ಒಂದು ಗಿಟಾರ್ ಯಾವ ಮಹಾ?

“ರೀ, ಪರದೆ ಕಂಬಿ ಹಾಕ್ತೀನಿ ಅಂದು ಎಷ್ಟು ದಿನ ಆಯ್ತು?” ಎಂದಳು ಹೆಂಡತಿ.

“ಕಂಬಿ ಬೇರೆ, ಕಲೆ ಬೇರೆ.”

ಹನ್ನೆರಡು ವರ್ಷದ ಮಗಳು ಗಿಟಾರ್ ತರಗತಿಗೆ ಸೇರಿ ವರ್ಷವಾಗಿತ್ತು. ಇನ್ನು ಮೂರು ತಿಂಗಳಿಗೆ ಅಲ್ಲಿನ ವಾರ್ಷಿಕ ಕಾರ್ಯಕ್ರಮ. ಅವಳು ಮೊದಲ ಸಲ ವೇದಿಕೆಯ ಮೇಲೆ ಒಬ್ಬಳೇ ಕೂತು ನುಡಿಸಬೇಕು. ಅಭ್ಯಾಸ ಮಾಡುತ್ತಿದ್ದ ತರಗತಿಯ ಹಳೆಯ ಗಿಟಾರಿನ ಮುಂಭಾಗ ಸೀಳು ಬಿಟ್ಟಿದ್ದರಿಂದ ಮೇಡಂ ಅವಳಿಗಾಗಿ ಹೊಸದೊಂದನ್ನು ಅಂಗಡಿಗೆ ಹೇಳಿದ್ದರು. ನಾನು ಅಂಗಡಿಗೆ ಫೋನ್ ಮಾಡಿ ಬೇಡವೆಂದೆ.

“ಸಾರ್, ಅದು ಸ್ಪೆಷಲ್ ಆರ್ಡರು. ಈಗ ಬಿಟ್ರೆ ಮತ್ತೆ ಬೇಗ ಸಿಗಲ್ಲ.”

“ನಾನು ಮಾಡ್ತಿರೋದು ಅದಕ್ಕಿಂತ ಸ್ಪೆಷಲ್ಲು ಕಣ್ರೀ,” ಎಂದು ಫೋನ್ ಇಟ್ಟೆ. ಇಟ್ಟ ಮೇಲೆ ಲೆಕ್ಕ ಹಾಕಿದೆ. ನನ್ನ ಗಿಟಾರ್ ಕೈಕೊಟ್ಟರೆ ಮಗಳು ತುಂಬಿದ ಸಭೆಯಲ್ಲಿ ಬರಿಗೈಲಿ ನಿಲ್ಲಬೇಕು. ಅದೂ ನನ್ನ ನಾಲಿಗೆಯ ದೆಸೆಯಿಂದ.

ಸಣ್ಣ ಕೋಣೆಗೆ ‘ಪ್ರವೇಶವಿಲ್ಲ’ ಎಂದು ಚೀಟಿ ಅಂಟಿಸಿದೆ. ಗಿಟಾರಿನ ಪಕ್ಕದ ಹಲಗೆ ಎರಡೇ ಮಿಲಿಮೀಟರ್ ದಪ್ಪ. ನೀರಿನಲ್ಲಿ ನೆನೆಸಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ, ಮೆಲ್ಲಗೆ ಬಗ್ಗಿಸಬೇಕು. ಮೊದಲನೆಯದು ‘ಟಪ್’ ಎಂದಿತು. ಎರಡನೆಯದೂ ಅದನ್ನೇ ಅಂದಿತು. ಮೂರನೆಯದು ಬಗ್ಗುವಷ್ಟು ಹೊತ್ತು ನಾನು ಉಸಿರೇ ಬಿಡಲಿಲ್ಲ. ಬಗ್ಗಿತು. ನನ್ನ ಸೊಂಟವೂ ಅದೇ ಆಕಾರಕ್ಕೆ ಬಂದು ಎರಡು ದಿನ ಹಾಗೇ ಉಳಿಯಿತು.

ಬಗ್ಗಿದ ಹಲಗೆಯ ಒಳ ಅಂಚಿಗೆ ತೆಳುವಾದ ಪಟ್ಟಿ ಅಂಟಿಸಿ, ಅಂಟು ಒಣಗುವ ತನಕ ಬೆರಳಗಲಕ್ಕೊಂದು ಕಡೆ ಬಿಗಿಯಾಗಿ ಹಿಡಿಸಬೇಕು. ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಮನೆಯಲ್ಲಿದ್ದ ಎಪ್ಪತ್ತೆರಡನ್ನೂ ಬಾಚಿಕೊಂಡೆ. ಅವತ್ತೇ ಗಾಳಿ ಬೀಸಬೇಕೆ? ನನ್ನ ಒಳಚಡ್ಡಿ ತಂತಿಯಿಂದ ಹಾರಿ ಎದುರುಮನೆಯವರ ಹೊಸಿಲಲ್ಲಿ ಇಳಿಯಿತು. ಹೆಂಡತಿ ಒದ್ದೆ ಬಟ್ಟೆಗಳನ್ನೆಲ್ಲ ಒಳಗೆ ತಂದು ಕುರ್ಚಿ, ಬಾಗಿಲು, ಮೇಜು, ಕೊನೆಗೆ ನನ್ನ ಹಲಗೆಗಳ ಮೇಲೂ ಹರವಿದಳು.

ಗೋಡೆಗೆ ತೂಗುಹಾಕಿದ್ದ ತೇವ ಅಳೆಯುವ ಮೀಟರು ಐವತ್ತರಿಂದ ಎಪ್ಪತ್ತಕ್ಕೆ ಜಿಗಿಯಿತು. ನನ್ನ ಜೀವ ಬಾಯಿಗೆ ಬಂತು. ತೇವಕ್ಕೆ ಮರ ಉಬ್ಬುತ್ತದೆ. ಉಬ್ಬಿದ ಮರವನ್ನು ಅಂಟಿಸಿದರೆ ಒಣಗಿದಾಗ ಸೀಳುತ್ತದೆ. ಸೀಳಿದರೆ ವೇದಿಕೆಯ ಮೇಲೆ ಮಗಳು ಬರಿಗೈಲಿ. ತಕ್ಷಣ ತುರ್ತು ಆಜ್ಞೆ ಹೊರಡಿಸಿದೆ.

“ನಾಲ್ಕು ದಿನ ಈ ಮನೇಲಿ ಬಿಸಿನೀರ ಸ್ನಾನ ಇಲ್ಲ. ಯಾರೂ ಏನನ್ನೂ ಕುದಿಸಬಾರದು.”

“ನಾನೇ ಕುದೀತಾ ಇದೀನಿ. ಅದಕ್ಕೇನು ಮಾಡ್ತೀರಿ?”

ಅದಕ್ಕೆ ಮೀಟರಿನಲ್ಲಿ ಅಂಕಿ ಇರಲಿಲ್ಲ. ಒದ್ದೆ ಬಟ್ಟೆಗಳನ್ನು ಹೊತ್ತು ಎದುರುಮನೆಯವರನ್ನೇ ಬೇಡಿಕೊಂಡೆ. ಅವರು ಒಣಗಿಸಿ, ಮಡಿಸಿ, ಹಿಂದಿನ ದಿನ ಹೊಸಿಲಿಗೆ ಹಾರಿಬಂದಿದ್ದ ಅತಿಥಿಯನ್ನೂ ಸೇರಿಸಿ ಕಳಿಸಿದರು.

ಹೀಗೆ ಮೂರು ತಿಂಗಳು ನಿದ್ದೆಗೆಟ್ಟು, ಬೆರಳು ಸುಟ್ಟುಕೊಂಡು, ಕಾರ್ಯಕ್ರಮಕ್ಕೆ ಮೂರು ದಿನ ಮುಂಚೆ ತಂತಿ ಕಟ್ಟಲು ಕೂತೆ. ಆರು ತಂತಿಗಳು ಸೇರಿ ಎಳೆಯುವ ಬಲ ಹೆಚ್ಚುಕಡಿಮೆ ನನ್ನ ಮೈತೂಕದಷ್ಟು. ಅಂಟು ಬಿಟ್ಟರೆ ಎಲ್ಲವೂ ಮುಖಕ್ಕೇ. ತಾಯಿ ಮಗಳಿಬ್ಬರನ್ನೂ ಬಾಗಿಲ ಆಚೆ ನಿಲ್ಲಿಸಿದೆ.

“ನಿಮ್ಮ ಭಾರಾನ ನಾನು ಇಷ್ಟು ವರ್ಷ ತಡ್ಕೊಂಡಿಲ್ವಾ? ಅದೂ ತಡ್ಕೊಳತ್ತೆ ಬಿಡಿ,” ಎಂದು ಆಚೆಯಿಂದ ಧೈರ್ಯ ಬಂತು.

ತಡೆದುಕೊಂಡಿತು. ಒಂದು ತಂತಿ ಮೀಟಿದೆ. ಕೋಣೆ ತುಂಬ ನಾದ. ನನಗೆ ನಿಜವಾಗಿಯೂ ಅಳು ಬಂತು. ಒರೆಸಿಕೊಂಡು, ಮಗಳನ್ನು ಒಳಗೆ ಕರೆದು ಎರಡೂ ಕೈಯಲ್ಲಿ ಗಿಟಾರ್ ಕೊಟ್ಟೆ.

ಅವಳು ಕೂತು, ಅದರ ಕುತ್ತಿಗೆಯನ್ನು ತನ್ನ ಬಲಗಡೆಗೆ ತಿರುಗಿಸಿಕೊಂಡಳು. ತಂತಿಗಳನ್ನು ನೋಡಿದಳು. ಆಮೇಲೆ ಅಮ್ಮನನ್ನು ನೋಡಿದಳು.

“ಪುಟ್ಟಾ, ಉಲ್ಟಾ ಹಿಡ್ಕೊಂಡಿದ್ದೀಯ.”

“ಇಲ್ಲಪ್ಪ, ನಾನು ಹಿಡಿಯೋದೇ ಹೀಗೆ. ನಾನು ಎಡಚಿ ಅಲ್ವಾ?”

“ಯಾವಾಗಿನಿಂದ?”

“ಹುಟ್ಟಿದಾಗಿನಿಂದ,” ಎಂದಳು ಹೆಂಡತಿ.

“ನಿನ್ನ ಕೈ ಅಳೆದಿದ್ನಲ್ಲ ನಾನು! ಒಂದೊಂದು ಬೆರಳನ್ನೂ!”

“ನೀನು ಕೈ ಕೊಡು ಅಂದೆ. ನಾನು ಹೋಂವರ್ಕ್ ಬರೀತಿದ್ದೆ. ಖಾಲಿ ಇದ್ದ ಕೈ ಕೊಟ್ಟೆ.”

ಅದಲುಬದಲು ಮಾಡಿ ತಂತಿ ಕಟ್ಟಿದರೆ ಸಾಲದೆ ಎಂದು ಹೆಂಡತಿ ಕೇಳಿದಳು. ಸಾಲದು. ದಪ್ಪ ತಂತಿಯ ಕಡೆಗೊಂದು, ಸಣ್ಣ ತಂತಿಯ ಕಡೆಗೊಂದು ಲೆಕ್ಕದಲ್ಲಿ ಮುಂಭಾಗದ ಹಲಗೆಯ ಒಳಗೆ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಆ ಲೆಕ್ಕ ಮನೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಗಡಿಯವನ ಸ್ಪೆಷಲ್ ಆರ್ಡರು ಯಾಕೆ ಸ್ಪೆಷಲ್ ಎಂಬುದೂ ಈಗ ಗೊತ್ತಾಯಿತು.

“ತುಂಬಾ ಚೆನ್ನಾಗಿದೆ ಅಪ್ಪ,” ಎಂದಳು ಮಗಳು. ಅವಳು ಬೈದಿದ್ದರೆ ವಾಸಿಯಿತ್ತು.

ಮರುದಿನ ರಜೆ ಹಾಕಿ, ಮೇಡಂ ಮುಂದೆ ತಲೆತಗ್ಗಿಸಿ ನಿಂತು, ಸೀಳು ಬಿಟ್ಟಿದ್ದ ಆ ಹಳೆಯ ಎಡಗೈ ಗಿಟಾರನ್ನು ಮನೆಗೆ ತಂದೆ. ತಂತಿ ಸಡಿಲಿಸಿ, ಸೀಳಿಗೆ ಅಂಟು ತುಂಬಿ, ಒಳಗಿನಿಂದ ಉಗುರಗಲದ ಮರದ ತುಂಡುಗಳನ್ನು ಕೂರಿಸಿದೆ. ಈ ಸಲ ಕ್ಲಿಪ್ಪುಗಳನ್ನು ಕೇಳಿ ತೆಗೆದುಕೊಂಡೆ. ಕಾರ್ಯಕ್ರಮದ ದಿನ ಮುಂದಿನ ಸಾಲಿನಲ್ಲಿ ಕೈ ಹಿಸುಕಿಕೊಳ್ಳುತ್ತ ಕೂತೆ. ಸೀಳು ಬಾಯಿ ಬಿಡಲಿಲ್ಲ. ಮಗಳ ಎಡಗೈ ತಂತಿಗಳ ಮೇಲೆ ಸಲೀಸಾಗಿ ಓಡಾಡಿತು. ಹನ್ನೆರಡು ವರ್ಷ ನನ್ನ ಎದುರಿಗೇ ಊಟ ಮಾಡಿದ ಕೈ. ಚಪ್ಪಾಳೆ ಬಿದ್ದಾಗ ನಾನು ತಟ್ಟುವುದನ್ನೇ ಮರೆತಿದ್ದೆ.

ನಾನು ಮಾಡಿದ ಗಿಟಾರ್ ಈಗ ನನ್ನದೇ. ಭಾನುವಾರದಿಂದ ಮಗಳೇ ಗುರು. ಎದುರುಬದುರು ಕುರ್ಚಿ ಹಾಕಿ, ತರಗತಿಯ ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಪಾಠ ಶುರುಮಾಡಿದಳು.

“ನಂದು ಎಡ, ನಿಂದು ಬಲ. ಕನ್ನಡಿ ಥರ ಇರತ್ತಪ್ಪ, ತುಂಬಾ ಸುಲಭ. ನೀನೇನೂ ಯೋಚನೆ ಮಾಡ್ಬೇಡ. ನನ್ನ ಕೈ ಏನು ಮಾಡತ್ತೆ ಅಂತ ನೋಡ್ತಾ ಇರು, ಅಷ್ಟು ಸಾಕು.”

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು:

“ಮೊದಲನೇ ಪಾಠಾನೇ ಅಷ್ಟು ಕಷ್ಟದ್ದು ಕೊಡಬೇಡ ಕಣೇ, ಪಾಪ.”