ಜಾಲಂದ್ರದ ಆ ಕಡೆ ಕೂತವಳು

ದೇವರ ಕೆಲಸಕ್ಕೆಂದು ಮನೆ ಬಿಟ್ಟು ಬಂದವರಿಗೆ ಮಧ್ಯಾಹ್ನ ನಿದ್ದೆ ಬರಬಾರದು. ನನಗೆ ಬರುತ್ತಿತ್ತು. ಅನ್ನ, ಸಾರು ಹೊಟ್ಟೆ ಸೇರಿ ಕಾಲು ಗಂಟೆಯೊಳಗೆ ರೆಪ್ಪೆಗಳು ನನ್ನ ಅಪ್ಪಣೆ ಕೇಳದೆ ಕದ ಹಾಕಿಕೊಳ್ಳುತ್ತಿದ್ದವು. ಪ್ರಾರ್ಥಿಸಿ ನೋಡಿದೆ, ಪ್ರಾರ್ಥನೆಗೆ ಕಣ್ಣು ಮುಚ್ಚಬೇಕಾದ್ದರಿಂದ ಅದೂ ಕೆಲಸಕ್ಕೆ ಬರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಎರಡು ವರ್ಷ ನಾನು ಧಾರವಾಡದಲ್ಲಿ ಸಂಬಳವಿಲ್ಲದ ಮಿಷನರಿಯಾಗಿದ್ದೆ. ಸನ್ಯಾಸಿನಿಯರು ಬಿಟ್ಟುಹೋದ ಹಳೆಯ ಕಾನ್ವೆಂಟಿನಲ್ಲಿ ನಾವು ಮೂವರು ಸ್ವಯಂಸೇವಕಿಯರ ವಾಸ. ಉಳಿದಿಬ್ಬರು ಲಕಮನಹಳ್ಳಿಯ ಹೆಂಗಸರಿಗೆ ಹೊಲಿಗೆ ಕಲಿಸಲು ಹೋದರೆ, ಸೂಜಿಗೆ ದಾರ ಪೋಣಿಸಲೂ ಬಾರದ ನನಗೆ ಬಂದವರನ್ನು ಮಾತಾಡಿಸುವ ಕೆಲಸ. ಅದಕ್ಕೆಂದೇ ಇದ್ದ ಕೋಣೆಯ ನಡುವೆ ಮರದ ಜಾಲಂದ್ರವಿತ್ತು. ಹಿಂದೆ ಅದರ ಒಳಗಡೆ ಸಿಸ್ಟರುಗಳು, ಹೊರಗಡೆ ಊರವರು. ಈಗ ಒಳಗೆ ನಾನು. ಬಿಸಿಲು ಜಾಲಂದ್ರದಿಂದ ಚೂರುಚೂರಾಗಿ ಬಿದ್ದು, ಧೂಳಿನ ಕಣಗಳು ಅದರಲ್ಲಿ ನಿಧಾನ ಈಜುತ್ತಿದ್ದವು. ಹಳೆಯ ಮೇಣದ ವಾಸನೆ. ಬಿಟ್ಟುಹೋದ ಸಿಸ್ಟರುಗಳೆಲ್ಲ ಪಡಸಾಲೆಯಲ್ಲಿ ಬರಿಗಾಲಲ್ಲಿ ಇನ್ನೂ ನಡೆದಾಡುತ್ತಿದ್ದಾರೆ ಅನಿಸುತ್ತಿತ್ತು.

ಪ್ರತಿ ಗುರುವಾರ ಮೊಸರು ಮಾರಿ ಮನೆಗೆ ಮರಳುವ ನೀಲವ್ವ ಅಲ್ಲಿಗೆ ಬಂದು ಕೂರುತ್ತಿದ್ದಳು. ಹಣೆಯ ತುಂಬ ವಿಭೂತಿ, ಪಕ್ಕದಲ್ಲಿ ಖಾಲಿ ಗಡಿಗೆ.

"ನಾನು ಸಿಸ್ಟರ್ ಅಲ್ಲ, ನೀಲವ್ವ," ಎಂದೆ ಮೊದಲ ದಿನವೇ.

"ಅಲ್ಲದಿದ್ರ ಏನಾತ್ರಿ? ಆ ಕಡೆ ಕೂತೀರಲ್ಲ, ಸಾಕು."

ಅವಳ ತಂಗಿ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬಳೆ ಅಂಗಡಿ ಇಟ್ಟಿದ್ದಳು. ಅಕ್ಕತಂಗಿಯರಿಗೆ ಒಂಬತ್ತು ವರ್ಷದಿಂದ ಮಾತಿಲ್ಲ. "ನಮ್ಮವ್ವಗ ಜ್ವರ ಬಂದಿತ್ರೀ..." ಎಂದು ನೀಲವ್ವ ಶುರು ಮಾಡಿದ್ದು ನನಗೆ ನೆನಪಿದೆ. ಆಮೇಲೆ ಧೂಳಿನ ಕಣಗಳೊಂದಿಗೆ ನಾನೂ ಈಜಿಕೊಂಡು ಹೋದೆ. ಮೂರು ಗುರುವಾರವೂ ಹೀಗೇ ಆಯಿತು.

ಮೂರನೆಯ ಸಲ ಎಚ್ಚರವಾದಾಗ ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಅವ್ವ ಸಾಯೂ ಸುದ್ದಿ ತಂಗಿಗೆ ನಾನಽ ಬೇಕಂತ ತಡಾ ಮಾಡಿ ಮುಟ್ಟಿಸಿದ್ನಿರಿ, ಸಿಟ್ಟಿಗೆ. ಆಕಿಗೆ ಅವ್ವನ ಮಾರಿ ಕಡೀಕ ನೋಡಾಕ ಸಿಗಲಿಲ್ಲ. ನಾಳೆ ಹೋಗಿ ಖರೇ ಹೇಳ್ತೀನಿ. ನೀವು ಕೇಳಿದ್ರಿ, ಎದಿ ಹಗುರಾತು."

ನನಗೆ ತಡೆಯಲಾಗಲಿಲ್ಲ. "ನೀಲವ್ವ, ನಾನು ಕೇಳಲಿಲ್ಲ. ನಿದ್ದೆ ಮಾಡಿದ್ದೆ, ಮೂರು ವಾರವೂ," ಎಂದೆ. ತಲೆ ಎತ್ತಲಾಗಲಿಲ್ಲ.

"ಗೊತ್ತೈತ್ರಿ. ಗೊರಕಿ ಕೇಳಸ್ತಿತ್ತಲ್ಲ. ಎಚ್ಚರ ಇದ್ದಿದ್ರ ನೀವು ಬುದ್ಧಿ ಹೇಳಾಕ ಬರ್ತಿದ್ರಿ. ನಾನು ಅರ್ಧಕ್ಕ ಎದ್ದು ಹೋಗ್ತಿದ್ನಿ."

ಮುಂದಿನ ಗುರುವಾರ ಜಾಲಂದ್ರದಾಚೆ ಇಬ್ಬರು ಕೂತಿದ್ದರು. ಇಬ್ಬರ ಕಣ್ಣೂ ಊದಿದ್ದವು. ನೀಲವ್ವನ ಎರಡೂ ಕೈತುಂಬ ಹೊಸ ಹಸಿರು ಬಳೆ.

"ನನ್ನ ತಂಗಿರಿ. ಈಕಿಗೂ ಏನೋ ಹೇಳೂದೈತಂತ," ಎಂದಳು ನೀಲವ್ವ. "ನೀವು ಆರಾಮ ಮಲಕೋರಿ."

ಅವತ್ತು ಮಾತ್ರ, ಏನು ಮಾಡಿದರೂ, ನನಗೆ ನಿದ್ದೆ ಬರಲಿಲ್ಲ. ತಂಗಿ ಬಾಯಿ ತೆರೆಯಲಿ ಎಂದು, ಕಣ್ಣು ಮುಚ್ಚಿ ಸುಳ್ಳು ಗೊರಕೆ ಹೊಡೆದೆ.